ಬದನೆಕಾಯಿ ಬಣ್ಣದ ಟ್ರ್ಯಾಕ್ಟರ್

ಕಲ್ಲಪ್ಪ ಮಾಸ್ತರರು ತೀರಿಕೊಂಡ ಹನ್ನೆರಡನೆಯ ದಿನ ಅವರ ಪೇರಲ ತೋಟದಲ್ಲಿದ್ದ ಹಳೆಯ ಸಣ್ಣ ಟ್ರ್ಯಾಕ್ಟರ್ ನಮ್ಮ ಮನೆಗೆ ಬಂತು. ಗಿಡಗಳ ಸಾಲಿನ ನಡುವೆ ಓಡಾಡಲೆಂದು ಮಾಡಿದ, ಎತ್ತಿಗಿಂತ ಸ್ವಲ್ಪ ದೊಡ್ಡದಾದ ಗಾಡಿ ಅದು. ಮಾಸ್ತರರು ಇಪ್ಪತ್ತಾರು ವರ್ಷ ಅದನ್ನು ಯಾರಿಗೂ ಬಿಟ್ಟುಕೊಡದೆ ತಮ್ಮ ಹೆಸರಿನಲ್ಲೇ ಇಟ್ಟುಕೊಂಡಿದ್ದರಿಂದ ಸೀಟಿನ ಮಟ್ಟಕ್ಕೆ ನೆಲದೊಳಗೆ ಇಳಿದು ಕೂತಿತ್ತು. ಸ್ಟೇರಿಂಗಿನ ನಡುವಿನಿಂದ ಒಂದು ಪೇರಲ ಟೊಂಗೆ ಹಾದುಹೋಗಿತ್ತು. ಮಾಸ್ತರರ ತಂಗಿಯ ಮಗಳು ಅದರ ಪಕ್ಕದಲ್ಲಿ ನಿಂತು ನಮ್ಮ ಮನೆಯವರಿಗೆ, "ಇದು ಇನ್ನ ಮ್ಯಾಲೆ ನಿಮ್ದು," ಎಂದಳು. ನಮ್ಮ ಮನೆಯವರು, "ಹೂಂ, ನಂದು," ಎಂದರು. ಸಾಕ್ಷಿಗೆ ನಿಂತ ಇಬ್ಬರು ಕೇಳಿದೆವು ಎಂದರು. ಟ್ರ್ಯಾಕ್ಟರ್ ಮಣ್ಣು ಸರಿಸಿಕೊಂಡು ತಾನಾಗಿಯೇ ಒಂದು ಗೇಣು ಮೇಲೆ ಬಂತು. ಉಳಿದದ್ದನ್ನು ಸಲಿಕೆಯಿಂದ ತೋಡಿ, ಎಂಟು ಜನ ಸೇರಿ ನೂಕಿಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು.

ನಮ್ಮ ಊರಿನಲ್ಲಿ ಹೀಗೇ. ಸಾಮಾನು ಒಬ್ಬರ ಹೆಸರಿನಲ್ಲಿ ಬಹಳ ದಿನ ಉಳಿದರೆ ಭಾರವಾಗುತ್ತದೆ. ಪಾತ್ರೆ, ಚಾಪೆ, ಬಟ್ಟೆಗಳನ್ನು ವರ್ಷಕ್ಕೊಮ್ಮೆ ಕೈಬದಲು ಮಾಡಿದರೆ ಸಾಕು. ಕಬ್ಬಿಣದ್ದಾದರೆ ಮೂರು ತಿಂಗಳಿಗೊಮ್ಮೆ ಮಾಡಬೇಕು. ಕೊಡುವವರು ನಿನ್ನದು ಎನ್ನಬೇಕು, ತೆಗೆದುಕೊಳ್ಳುವವರು ನನ್ನದು ಎನ್ನಬೇಕು, ಅಷ್ಟೆ. ವಸ್ತು ಇದ್ದಲ್ಲೇ ಇದ್ದರೂ ನಡೆಯುತ್ತದೆ. ಆದರೆ ಬಾಯಲ್ಲಿ ಕೊಟ್ಟು ಹೊಟ್ಟೆಯಲ್ಲಿ ಇಟ್ಟುಕೊಂಡರೆ ವಸ್ತುವಿಗೆ ಗೊತ್ತಾಗುತ್ತದೆ, ಅದು ಜಗ್ಗುವುದಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳಿಗೆ ಕಾಲುಂಗುರದ ಮೇಲೆ ಎಷ್ಟು ಆಸೆಯೆಂದರೆ, ಎರಡೇ ತಿಂಗಳಿಗೆ ಕಾಲು ಎತ್ತಲಾಗದೆ ಹಿತ್ತಲಿನಲ್ಲಿ ನಿಂತುಬಿಟ್ಟಿದ್ದಳು. ಅತ್ತೆ ಊಟ ತಂದು ಅಲ್ಲಿಯೇ ಕೊಡುತ್ತಿದ್ದಳಂತೆ. ಇಂಥ ಸುದ್ದಿಗಳು ಊರಿಗೆಲ್ಲ ಗೊತ್ತಾಗುವುದು ನನ್ನಿಂದಲೇ ಎಂದು ಜನ ಹೇಳುತ್ತಾರೆ. ಕಣ್ಣಿಗೆ ಕಂಡದ್ದನ್ನು ಹೇಳದೆ ಇರುವುದು ನನಗೆ ಆಗಿಬರುವುದಿಲ್ಲ. ಯಾರ ಮನೆಯ ಹೊಸ್ತಿಲು ಕುಸಿದಿದೆ, ಯಾರ ಹಂಡೆಯನ್ನು ನಾಲ್ಕು ಜನ ಹಿಡಿದರೂ ಏಳುವುದಿಲ್ಲ ಎಂಬುದೆಲ್ಲ ನನಗೆ ಬಾಯಿಪಾಠ.

ಆದರೆ ಎಲ್ಲಕ್ಕಿಂತ ಭಾರವಾದ ವಸ್ತು ನಮ್ಮ ಮನೆಯಲ್ಲೇ ಇತ್ತು. ನಮ್ಮ ಮನೆಯವರ ಅಕ್ಕ ನೀಲವ್ವ ಗಂಡ ಹೋದ ಮೇಲೆ ಒಂದು ಹೊಲಿಗೆ ಮಷೀನಿನೊಂದಿಗೆ ತವರಿಗೆ ಬಂದವರು, ನಮ್ಮ ಅಂಗಳದ ಇಳಿಜಾರಿನ ಕೆಳತುದಿಯ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಊರಿನ ಕುಪ್ಪಸವನ್ನೆಲ್ಲ ಹೊಲಿಯುತ್ತಿದ್ದರು. ಆ ಮಷೀನನ್ನು ಒಂದು ಸಲವೂ ಕೈಬದಲು ಮಾಡಿರಲಿಲ್ಲ. ಕೇಳಿದರೆ, ಹತ್ತು ಮಂದಿ ತುಳಿದ ಮಷೀನು ಹೊಲಿಗೆ ಹಿಡಿಯುವುದಿಲ್ಲ ಎನ್ನುತ್ತಿದ್ದರು. ಮಷೀನಿನ ಕಾಲುಗಳು ನೆಲದೊಳಗೆ ಇಳಿದಂತೆ ಅವರು ತಮ್ಮ ಸ್ಟೂಲಿನ ಕಾಲನ್ನೂ ಕೊಯ್ದುಕೊಳ್ಳುತ್ತ ಬಂದಿದ್ದರು. ಕೊನೆಗೆ ನೆಲದ ಮೇಲೇ ಕೂತು, ಪೆಡಲ್ ಇರುವ ಕುಣಿಯೊಳಗೆ ಕಾಲು ಇಳಿಬಿಟ್ಟು ಹೊಲಿಯುತ್ತಿದ್ದರು. ಅದನ್ನೂ ಸಹಿಸಬಹುದಿತ್ತು. ಆದರೆ ಹಿಂದಿನ ಮಳೆಗಾಲದಲ್ಲಿ ಮಷೀನು ತನ್ನ ಪಕ್ಕದ ಗೋಡೆಯ ಬುಡವನ್ನೂ ಎಳೆದುಕೊಂಡು ಇಳಿಯತೊಡಗಿತು. ಗೋಡೆ ಒಳಗೆ ಬಾಗಿ ಮಷೀನಿನ ಮೇಲೇ ಹೆಗಲು ಕೊಟ್ಟು ನಿಂತಿತು. ಮುಂಗಾರಿನ ಇನ್ನೊಂದು ಮಿರಗದ ಮಳೆ ಆ ಕುಣಿಗೆ ಇಳಿದರೆ ಗೋಡೆ, ಮಾಳಿಗೆ, ನೀಲವ್ವಕ್ಕ ಎಲ್ಲ ಒಟ್ಟಿಗೇ ಹೋಗುವುದು ಖಂಡಿತವಿತ್ತು. ಅವರು ಮಷೀನನ್ನು ಮೂರು ಜನರಿಗೆ ಕೊಡಲು ನೋಡಿದರು. ಮೂರು ಸಲವೂ ನಿನ್ನದು ಎನ್ನುವಾಗ ಅವರ ಕಣ್ಣು ಸೂಜಿಯ ಮೇಲೆಯೇ ಇತ್ತು. ಮಷೀನು ಕೂದಲೆಳೆಯಷ್ಟೂ ಏಳಲಿಲ್ಲ. ಅದನ್ನು ಬಿಟ್ಟು ಬೇರೆ ಕೋಣೆಗೆ ಬನ್ನಿ ಎಂದರೆ ಅದಕ್ಕೂ ಒಪ್ಪಲಿಲ್ಲ.

ನಮ್ಮ ಮನೆಯವರ ಹೆಸರು ಫಕೀರಪ್ಪ. ಪಂಪ್‌ಸೆಟ್ ರಿಪೇರಿ ಅವರ ಕೆಲಸ. ಮಾತು ಕಡಿಮೆ, ಆದರೆ ತಲೆಯಲ್ಲಿ ಒಂದು ಹೊಕ್ಕಿತೆಂದರೆ ಅದು ಹೊರಗೆ ಬರುವವರೆಗೆ ಊಟದ ರುಚಿಯೂ ತಿಳಿಯುವುದಿಲ್ಲ. ಟ್ರ್ಯಾಕ್ಟರ್ ರಿಪೇರಿ ಮಾಡಿ, ಅದರ ಮುಂದೆ ಎರಡು ಕಬ್ಬಿಣದ ತೋಳು ಜೋಡಿಸಿ, ಎಣ್ಣೆಯ ಒತ್ತಡದಿಂದ ಆ ತೋಳುಗಳನ್ನು ಮೇಲೆತ್ತುವಂತೆ ಮಾಡುತ್ತೇನೆ ಎಂದು ಒಂದು ದಿನ ಅಕ್ಕನೆದುರು ಕೂತು ವಿವರಿಸಿದರು. ಅಕ್ಕ ಕೇಳಿದ್ದು ಒಂದೇ: ಮಷೀನು ಯಾರ ಹೆಸರಿಗೆ ಹೋಗಬೇಕು?

"ಯಾರೂ ಏನೂ ಬಿಡೂದ ಬ್ಯಾಡಕ್ಕ," ಎಂದರು ಇವರು. "ಎಣ್ಣಿ ಎತ್ತತೈತಿ."

ನಮ್ಮ ಊರಿನಲ್ಲಿ ಅಂಥ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ನೀಲವ್ವಕ್ಕ ಅಂದು ಸಂಜೆ ಎರಡು ಕುಪ್ಪಸಕ್ಕೆ ತೋಳು ತಪ್ಪಿಸಿ ಹೊಲಿದರು.

ಎಂಜಿನ್ನು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಕಾಲದ್ದು. ಪಿಸ್ಟನ್ ಒಳಗೇ ಹಿಡಿದುಕೊಂಡಿತ್ತು. ಪ್ಲಗ್ ಬಿಚ್ಚಿ ಆ ತೂತಿನಿಂದ ಸೀಮೆಎಣ್ಣೆ ಮತ್ತು ಎಂಜಿನ್ ಆಯಿಲ್ ಬೆರೆಸಿ ಹುಯ್ದು ಒಂಬತ್ತು ದಿನ ಬಿಟ್ಟರು. ಆಮೇಲೆ ಹೆಡ್ ಕಳಚಿ, ಪಿಸ್ಟನ್ ಮೇಲೆ ಮರದ ತುಂಡು ಇಟ್ಟು, ಮಲಗಿದವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಬಡಿಯುತ್ತ ಕೂತರು. ಹನ್ನೊಂದನೆಯ ದಿನ ಅದು ಅರ್ಧ ಬೆರಳು ಸರಿಯಿತು. ಪೆಟ್ರೋಲ್ ಟ್ಯಾಂಕಿನೊಳಗೆ ತುಕ್ಕಿನ ಹೊಪ್ಪಳೆ ಇತ್ತು. ಒಂದು ಹಿಡಿ ಗರಸುಕಲ್ಲು ಹಾಕಿ ಬಾಯಿ ಮುಚ್ಚಿ ಅಲ್ಲಾಡಿಸಬೇಕು ಎಂದರು. ಆ ಕೆಲಸ ನನಗೆ ಬಂತು. ಮೂರು ಮಧ್ಯಾಹ್ನ ಟ್ಯಾಂಕನ್ನು ತೊಡೆಯ ಮೇಲೆ ಹಾಕಿಕೊಂಡು ತೂಗಿದೆ. ರುದ್ರವ್ವ, ಎಂದರೆ ನಮ್ಮ ಪಕ್ಕದ ಮನೆಯವಳು, ಕೂಸು ಯಾವಾಗ ಹುಟ್ಟಿತು ಎಂದು ಗೋಡೆಯಾಚೆಯಿಂದ ವಿಚಾರಿಸಿದಳು.

ಸಂಕ್ರಾಂತಿಗೆ ಮೂರು ತಿಂಗಳಾಯಿತು. ಕೈಬದಲು ಮಾಡಬೇಕಿತ್ತು. ಇವರು ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತು, "ಇದು ಇನ್ನ ಮ್ಯಾಲೆ ನಿಂದು," ಎಂದು ನನಗೆ ಕೊಟ್ಟರು. ಟ್ರ್ಯಾಕ್ಟರಿನ ರಿಮ್ಮುಗಳ ಕೆಳಗಿನ ಮಣ್ಣು ಸಡಿಲವಾದದ್ದು ಕಣ್ಣಿಗೆ ಕಂಡಿತು. ನಮ್ಮ ಮನೆಯವರು ಕೊಟ್ಟರೆ ಹಾಗೆಯೇ, ಹಿಂದೆ ಮುಂದೆ ನೋಡುವುದಿಲ್ಲ. ನಾನು ಹೂಂ, ನಂದು ಎಂದೆ. ಅದಾದ ನಾಲ್ಕನೆಯ ದಿನಕ್ಕೆ ಎಂಜಿನ್ನು ಸಿದ್ಧವಾಯಿತು. ನನ್ನ ಹೆಸರಿನಲ್ಲಿ ಇದ್ದುದರಿಂದ ಅದನ್ನು ಶುರುಮಾಡುವ ಹಗ್ಗವನ್ನು ನಾನೇ ಎಳೆಯಬೇಕಾಯಿತು. ಎರಡು ಸಲ ಎಳೆದಾಗ ಕೆಮ್ಮಿತು. ಮೂರನೆಯ ಸಲ ಅಂಗಳದ ಕೋಳಿಗಳೆಲ್ಲ ರುದ್ರವ್ವನ ಮನೆಗೆ ಓಡಿಹೋದವು. ಹೊಗೆಯ ನಡುವೆ ನಾನು ಹಗ್ಗ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಇವರೇ ಬಂದು ಎಂಜಿನ್ ಬಂದ್ ಮಾಡಿದರು.

ಬಣ್ಣದ ವಿಷಯದಲ್ಲಿ ಸ್ವಲ್ಪ ವಾದವಾಯಿತು. ಇವರಿಗೆ ಯಾವುದಾದರೂ ಸರಿ, ತುಕ್ಕು ಹಿಡಿಯದಿದ್ದರೆ ಆಯಿತು. ನಾನು ಬಾಗಿಲಿಗೆ ಬಳಿದು ಉಳಿದ ನೀಲಿ, ಕಿಟಕಿಗೆ ಬಳಿದು ಉಳಿದ ಕೆಂಪು ಎರಡನ್ನೂ ಕಲಸಿ ಬದನೆಕಾಯಿ ಬಣ್ಣ ಮಾಡಿಕೊಟ್ಟೆ. ಇಂಥ ಬಣ್ಣದ ಟ್ರ್ಯಾಕ್ಟರ್ ಎಲ್ಲಾದರೂ ಉಂಟೇ ಎಂದು ನೋಡಲು ಬಂದವರೆಲ್ಲ ಕೇಳಿದರು. ಇಲ್ಲ ಎಂದೆ. ದಿನಾ ಬೆಳಿಗ್ಗೆ ಹಳೆಯ ಸೀರೆಯ ತುಂಡಿನಿಂದ ಅದರ ಧೂಳು ಒರೆಸುತ್ತಿದ್ದೆ, ಮನೆಯ ಮುಂದೆ ಧೂಳು ಹಿಡಿದ ವಸ್ತು ನಿಂತರೆ ನೋಡಿದವರು ಏನಂದಾರು? ಮಧ್ಯಾಹ್ನ ಅದರ ಸೀಟಿನ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದೆ. ಅಲ್ಲಿ ನೆರಳಿತ್ತು.

ಎಣ್ಣೆಯ ಕೆಲಸ ಹೋಳಿ ಹುಣ್ಣಿಮೆಯ ಹೊತ್ತಿಗೆ ಶುರುವಾಯಿತು. ಗುಜರಿಯಲ್ಲಿ ಮಲಗಿದ್ದ ಲಾರಿಯೊಂದರ ಸ್ಟೇರಿಂಗ್ ಪಂಪು ಸಿಕ್ಕಿತು. ಅದನ್ನು ಎಂಜಿನ್ನಿನ ಪಕ್ಕಕ್ಕೆ ಕೂರಿಸಿ ಹಿಟ್ಟಿನ ಗಿರಣಿಯ ಬೆಲ್ಟಿನಿಂದ ತಿರುಗುವಂತೆ ಮಾಡಿದರು. ಎಣ್ಣೆಗೆ ಒಂದು ಹಾಲಿನ ಕ್ಯಾನು. ತೋಳುಗಳನ್ನು ನೂಕಿ ಎತ್ತಲು ಮೊಳಕೈ ಉದ್ದದ ಎರಡು ಸಿಲಿಂಡರು. ಎತ್ತಲು, ಇಳಿಸಲು ಒಂದೇ ಹಿಡಿಕೆ. ಮೊದಲ ಸಲ ಹಿಡಿಕೆ ಎಳೆದಾಗ ತೋಳು ಎದೆಮಟ್ಟಕ್ಕೆ ಎದ್ದಿತು, ಇವರ ಮುಖ ಅರಳಿತು, ಅದೇ ಕ್ಷಣ ರಬ್ಬರ್ ಪೈಪು ಹರಿದು ಎಣ್ಣೆ ಕಾರಂಜಿಯ ಹಾಗೆ ಹಾರಿ ಒಣಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಸಂಡಿಗೆ ಕರಿಯಲಿಲ್ಲ. ಆಮೇಲೆ ಇವರು ದಪ್ಪ ಪೈಪು ತಂದರು, ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ತಿರುಗಿ ಕ್ಯಾನಿಗೆ ಬಿಡುವ ಒಂದು ವಾಲ್ವನ್ನೂ ಕೂರಿಸಿದರು. ಹಿಡಿಕೆ ಎಳೆದರೆ ತೋಳು ಏಳುತ್ತಿತ್ತು, ಬಿಟ್ಟರೆ ಅಲ್ಲೇ ನಿಲ್ಲುತ್ತಿತ್ತು. ನೀಲವ್ವಕ್ಕ ಒಂದು ಸಲ ಬಂದು ನೋಡಿ, ಎತ್ತಿದ ತೋಳಿನ ಕೆಳಗೆ ಕೈಯಾಡಿಸಿ ಹೋದರು.

ಯುಗಾದಿಗೆ ಮತ್ತೆ ಕೈಬದಲಿನ ಸರದಿ. ನಾನು ಒಲೆಯ ಮುಂದಿನಿಂದಲೇ ಟ್ರ್ಯಾಕ್ಟರ್ ಇನ್ನು ನಿಮ್ಮದು ಎಂದೆ. ಇವರು ಅಂಗಳದಿಂದ ಹೂಂ, ನಂದು ಎಂದರು. ರುದ್ರವ್ವ ಮತ್ತು ಅವಳ ಗಂಡ ಕೇಳಿದೆವು ಎಂದರು. ಅಲ್ಲಿಗೆ ಅದು ಮತ್ತೆ ಇವರ ಹೆಸರಿಗೆ ಬಂತು. ಬಂದ ಹದಿನೈದು ದಿನಕ್ಕೆ, ಹಬ್ಬಕ್ಕೆ ಮೊದಲು ಹಾಕಿಸಿದ್ದ ಹೊಸ ಟಯರು ಚಪ್ಪಟೆಯಾದವು. ತಿಂಗಳಾಗುವಷ್ಟರಲ್ಲಿ ಅಂಗಳದ ಹಾಸುಗಲ್ಲು ನಾಲ್ಕು ಕಡೆ ಒಳಗೆ ಹೋದವು. ನನಗೆ ಹೇಳಲು ಒಂದು ಸುದ್ದಿ ಸಿಕ್ಕಿತು. ನೀರಿಗೆ ಹೋದಲ್ಲಿ, ಗಿರಣಿಗೆ ಹೋದಲ್ಲಿ, ನಮ್ಮ ಮನೆಯವರಿಗೆ ಹೆಂಡತಿಗಿಂತ ಆ ಗಾಡಿಯ ಮೇಲೇ ಜೀವ ಎಂದು ಹೇಳಿಕೊಂಡು ನಕ್ಕೆ. ಊರಿಗೆ ಊರೇ ನಕ್ಕಿತು. ಮಾಸ್ತರರ ತೋಟದ ಗಾಳಿ ಫಕೀರಪ್ಪನಿಗೂ ಬಡಿಯಿತು ಎಂದರು. ಇವರು ತಲೆ ಬಗ್ಗಿಸಿ ಪೈಪು ಬಿಗಿಯುತ್ತಿದ್ದರು. ಮುಂದೆ ಅಷ್ಟು ಭಾರ ಎತ್ತಿದರೆ ಹಿಂದಿನ ಗಾಲಿ ಮೇಲೆದ್ದು ಗಾಡಿ ಮುಗ್ಗರಿಸುವುದಿಲ್ಲವೇ ಎಂದು ರುದ್ರವ್ವನ ಗಂಡ ಕೇಳಿದಾಗ ಮಾತ್ರ, ಗಾಡಿಗೆ ಬೇಕಾದಷ್ಟು ಭಾರ ಬಂದಿದೆ, ಮುಗ್ಗರಿಸುವುದಿಲ್ಲ ಎಂದರು. ಹಾಗೆ ಹೇಳಿ ನನ್ನ ಕಡೆ ನೋಡಿದರು. ಸಾರಿಗೆ ಉಪ್ಪು ಕಡಿಮೆಯಾಗಿದೆಯೇನೋ ಎಂದುಕೊಂಡೆ.

ಮಿರಗಕ್ಕೆ ಆರು ದಿನ ಇರುವಾಗ, ಬೆಳಿಗ್ಗೆ ಹತ್ತರ ಸುಮಾರಿಗೆ, ಕೋಣೆಯ ಬಾಗಿಲಿನ ಚೌಕಟ್ಟು ಕಿತ್ತು ದಾರಿ ಮಾಡಿದರು. ಅರ್ಧ ಊರು ಬಂದು ಕಟ್ಟೆಯ ಮೇಲೆ ಕೂತಿತ್ತು. ಇವರು ಟ್ರ್ಯಾಕ್ಟರ್ ಹತ್ತಿ ಅಂಗಳದ ಇಳಿಜಾರಿನಲ್ಲಿ ಮೆಲ್ಲಗೆ ಕೆಳಗೆ ಬಿಟ್ಟರು. ಹಾದುಹೋದಲ್ಲೆಲ್ಲ ಹಾಸುಗಲ್ಲು ಪಟಪಟನೆ ಒಡೆದವು. ಮೂತಿ ಕೋಣೆಯೊಳಗೆ ಹೊಕ್ಕಿತು. ಕುಣಿಯನ್ನು ಅಗಲಿಸಿ ಮಷೀನಿನ ನಾಲ್ಕು ಕಾಲಿಗೂ ಸರಪಳಿ ಹಾಕಿ ತೋಳಿನ ಕೊಕ್ಕೆಗೆ ಸಿಕ್ಕಿಸಿದರು. ಹಿಡಿಕೆ ಎಳೆದರು. ಎಂಜಿನ್ನು ತಗ್ಗಿದ ದನಿಯಲ್ಲಿ ನರಳಿತು, ಪೈಪುಗಳು ಉಬ್ಬಿದವು, ಟ್ರ್ಯಾಕ್ಟರ್ ಅಲ್ಲಾಡಲಿಲ್ಲ. ಮೂವತ್ತೊಂದು ವರ್ಷದ ಮಷೀನು ಒಂದು ಬೆರಳು, ಎರಡು ಬೆರಳು, ಒಂದು ಗೇಣು ಎದ್ದು, ನೆಲ ಬಿಟ್ಟು ಗಾಳಿಯಲ್ಲಿ ನಿಂತಿತು. ಯಾರೂ ಏನನ್ನೂ ಬಿಟ್ಟುಕೊಡದೆ ಎದ್ದ ಮೊದಲ ವಸ್ತು ಅದು. ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಆಮೇಲೆ ಇವರು ಗಾಡಿಯನ್ನು ಹಿಂದಕ್ಕೆ ತೆಗೆಯಲು ನೋಡಿದರು. ಅದು ಹಿಂದಕ್ಕೆ ಬರಲಿಲ್ಲ. ಬರುವಾಗ ಇಳಿಜಾರಿತ್ತು, ಹೋಗುವಾಗ ಏರು. ಎತ್ತಲು ಎಷ್ಟು ಭಾರ ಬೇಕೆಂದು ಏಳು ತಿಂಗಳು ಯೋಚಿಸಿದ ಮನುಷ್ಯ, ಅದೇ ಭಾರ ಏರು ಹತ್ತಬೇಕು ಎಂಬುದನ್ನು ಯೋಚಿಸಿರಲಿಲ್ಲ. ಹಿಂದಿನ ಗಾಲಿ ತಿರುಗಿ ತಿರುಗಿ ತನ್ನ ಕುಣಿಯನ್ನು ತಾನೇ ತೋಡಿಕೊಂಡಿತು. ಇಪ್ಪತ್ತು ಜನ ಹಗ್ಗ ಹಾಕಿ ಎಳೆದರು, ಹಗ್ಗ ಹರಿಯಿತು. ಅಷ್ಟರಲ್ಲಿ ಹೆಗಲಿಗೆ ಆಸರೆ ಇಲ್ಲದ ಗೋಡೆ ಸುಣ್ಣ ಉದುರಿಸತೊಡಗಿತು. ಮಷೀನು ಇಳಿಸೋಣವೆಂದರೆ ಅದು ನಿಂತಿದ್ದ ಜಾಗವೇ ಕುಸಿದು ಬಾವಿಯ ಹಾಗೆ ಬಾಯಿ ತೆರೆದಿತ್ತು. ಟ್ರ್ಯಾಕ್ಟರ್ ಹಗುರವಾದರೆ ಹೊರಗೆ ಬರುತ್ತದೆ. ಆದರೆ ಅದೊಂದೇ ಹಗುರವಾದರೆ ಮಷೀನಿನ ಭಾರಕ್ಕೆ ಮುಗ್ಗರಿಸಿ ಕುಣಿಗೆ ಬೀಳುತ್ತದೆ. ಎರಡೂ ಒಟ್ಟಿಗೆ ಹಗುರವಾಗಬೇಕಿತ್ತು. ಅಲ್ಲಿದ್ದವರಿಗೆಲ್ಲ ಇದು ತಿಳಿಯಿತು, ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ನೀಲವ್ವಕ್ಕ ತಾವಾಗಿಯೇ ಒಳಗೆ ಹೋಗಿ ತಮ್ಮನ ಪಕ್ಕದಲ್ಲಿ ನಿಂತರು. ಈ ಸಲ ಅವರ ಕಣ್ಣು ಸೂಜಿಯ ಮೇಲಿರಲಿಲ್ಲ. ಅಲುಗುತ್ತಿದ್ದ ಗೋಡೆಯನ್ನೂ ಅದರ ಕೆಳಗೆ ಸೀಟಿನ ಮೇಲೆ ಕೂತ ತಮ್ಮನನ್ನೂ ನೋಡಿದರು.

"ಫಕೀರ, ಮಷೀನ ನಿಂದು. ತಗೊಂಡ ಹೊರಗ ಬಾ," ಎಂದರು.

"ಹೂಂ, ನಂದು. ಟ್ರ್ಯಾಕ್ಟರ್ ನಿಂದಕ್ಕ," ಎಂದರು ಇವರು.

ಸರಪಳಿ ಒಮ್ಮೆಲೇ ಸಡಿಲವಾಯಿತು. ಮಷೀನು ಖಾಲಿ ಬುಟ್ಟಿಯ ಹಾಗೆ ಅತ್ತಿತ್ತ ತೂಗಿತು. ನೀಲವ್ವಕ್ಕ ಇದ್ದಲ್ಲೇ ಕುಕ್ಕರಿಸಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡರು. ಟ್ರ್ಯಾಕ್ಟರ್ ಮಾತ್ರ ಇದ್ದ ಹಾಗೇ ಇತ್ತು. ಇವರು ಎರಡನೆಯ ಸಲ ನಿನ್ನದು ಎಂದರು. ಅಲ್ಲಾಡಲಿಲ್ಲ. ಮೂರನೆಯ ಸಲ ಎಂದರು. ಅದರ ಭಾರಕ್ಕೆ ಹೊಸ್ತಿಲು ಸೀಳಿತು. ಕಟ್ಟೆಯ ಮೇಲಿನಿಂದ ರುದ್ರವ್ವ ಎಲ್ಲರ ಪರವಾಗಿ ಮಾತಾಡಿದಳು:

"ಫಕೀರಪ್ಪ, ಬಾಯಿಲೆ ಅಂದ್ರ ಆಗೂದಿಲ್ಲಪ್ಪ. ಆಕಿ ಹೆಣ್ಮಗಳು ಮೂವತ್ತೊಂದ ವರ್ಷದ್ದ ಬಿಟ್ಟಾಳ. ನೀ ಏಳ ತಿಂಗಳದ್ದ ಬಿಡಾಕ ಒಲ್ಲಿಯಲ್ಲ."

ಜನ ಹೌದು ಹೌದು ಎಂದರು. ಯಾರೋ ಒಬ್ಬರು ಉಗುಳಿದರು. ಇವರು ತಲೆ ತಗ್ಗಿಸಿ ಸ್ಟೇರಿಂಗ್ ಹಿಡಿದು ಕೂತಿದ್ದರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು ಎಲ್ಲರಿಗಿಂತ ಹೆಚ್ಚಾಗಿ ನಾನೇ ಇವರಿಗೆ ನಾಲ್ಕು ಮಾತು ಝಾಡಿಸಬೇಕೆಂದು ಬಾಯಿ ತೆರೆದೆ. ಬಾಯಿ ತೆರೆದವಳಿಗೆ ಮಾತು ಹೊರಡಲಿಲ್ಲ. ಏಕೆಂದರೆ, ಗೋಡೆ ಬಿದ್ದರೆ ಬೀಳಲಿ, ಆ ಬದನೆಕಾಯಿ ಬಣ್ಣಕ್ಕೆ ಪೆಟ್ಟಾಗದಿರಲಿ ಎಂದು ಅಷ್ಟು ಹೊತ್ತೂ ನಾನು ಬೇಡಿಕೊಳ್ಳುತ್ತಿದ್ದೆ. ಸೀಟಿನ ಮೇಲೆ ಗಂಡ ಕೂತಿದ್ದು ಕಣ್ಣಿಗೆ ಬಿದ್ದದ್ದು ಆಮೇಲೆ. ಯುಗಾದಿಯ ದಿನ ಒಲೆಯ ಮುಂದಿನಿಂದ ನಾನು ಕೊಟ್ಟಿರಲೇ ಇಲ್ಲ. ಆ ಹಗ್ಗ ಎಳೆದ ದಿನದಿಂದ ಅದು ನನ್ನದೇ ಆಗಿತ್ತು. ನನ್ನ ಕೈಯಿಂದ ಅಷ್ಟು ದೊಡ್ಡ ಸದ್ದು ಅದಕ್ಕೆ ಮೊದಲು ಹುಟ್ಟಿರಲಿಲ್ಲ.

ಕಟ್ಟೆಯಿಂದ ಇಳಿದು ಕೋಣೆಯ ಬಾಗಿಲಿನವರೆಗೆ ಹನ್ನೆರಡು ಹೆಜ್ಜೆ. ಅಷ್ಟು ನಾಚಿಕೆಯ ಹನ್ನೆರಡು ಹೆಜ್ಜೆಗಳನ್ನು ನಾನು ಎಂದೂ ಇಟ್ಟಿಲ್ಲ. ಊರಿನ ಎಲ್ಲರ ಹೊಟ್ಟೆಯೊಳಗಿನದನ್ನು ಬೀದಿಯಲ್ಲಿ ಹರಡಿದವಳು ನಾನು.

"ಅದು ಅವರದಲ್ಲ, ನಂದು," ಎಂದೆ. ಕಟ್ಟೆಯ ಮೇಲೆ ಸದ್ದು ಅಡಗಿತು. "ಅಕ್ಕಾ, ಇನ್ನ ಮ್ಯಾಲೆ ಅದು ನಿಮ್ದು."

ನೀಲವ್ವಕ್ಕ ಮುಖದಿಂದ ಸೆರಗು ತೆಗೆದು ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ ನೀರಿತ್ತು, ನನ್ನ ಕಣ್ಣಿನಲ್ಲೂ ಇತ್ತು. ಬಿಡುವುದೆಂದರೆ ಎಷ್ಟು ನೋವೆಂದು ಆ ಗಳಿಗೆಯಲ್ಲಿ ಊರಿನಲ್ಲಿ ತಿಳಿದಿದ್ದವರು ನಾವಿಬ್ಬರೇ. ಹೂಂ, ನನ್ನದು, ಎಂದರು ಅವರು. ಹಲ್ಲು ಕಿತ್ತ ಹಾಗೆ ನನ್ನೊಳಗಿಂದ ಏನೋ ಹೋಯಿತು. ಚಪ್ಪಟೆಯಾಗಿದ್ದ ಟಯರುಗಳು ದುಂಡಗಾದವು, ಟ್ರ್ಯಾಕ್ಟರ್ ಒಂದು ಗೇಣು ಮೇಲೆದ್ದು ನಿಂತಿತು. ಇವರು ಅದನ್ನು ಮಷೀನಿನ ಸಮೇತ ಸರಾಗವಾಗಿ ಏರು ಹತ್ತಿಸಿ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಅವರು ಇಳಿಯುವಷ್ಟರಲ್ಲಿ ಗೋಡೆ ತನ್ನ ಪಾಡಿಗೆ ತಾನು ಒಳಗೆ ಬಿತ್ತು. ಧೂಳು ಅಡಗಿದ ಮೇಲೆ ರುದ್ರವ್ವ ಎಲ್ಲರಿಗೂ ಚಹಾ ಮಾಡಿದಳು.

ಗೋಡೆಯನ್ನು ಮಿರಗಕ್ಕೆ ಮೊದಲೇ ಮತ್ತೆ ಕಟ್ಟಿಸಿದೆವು. ನೀಲವ್ವಕ್ಕ ಈಗ ಎತ್ತರದ ಸ್ಟೂಲಿನ ಮೇಲೆ ಕೂತು ತಮ್ಮನ ಹೆಸರಿನ ಮಷೀನಿನಲ್ಲಿ ಹೊಲಿಯುತ್ತಾರೆ. ಮೊದಲ ವಾರ ಹೊಲಿಗೆ ಸೊಟ್ಟಗೆ ಬಂತು, ಆಮೇಲೆ ಸರಿಹೋಯಿತು. ಟ್ರ್ಯಾಕ್ಟರನ್ನು ಕೇಳಿದವರಿಗೆಲ್ಲ ಒಯ್ಯಿರಿ ಎನ್ನುತ್ತಾರೆ. ಅವರಿಗೆ ಅದರ ಮೇಲೆ ಅಂಥ ಆಸೆ ಏನೂ ಇಲ್ಲ, ಹಾಗಾಗಿ ಅದು ಹಗುರ. ಹಗುರವಾದ್ದರಿಂದ ಭಾರ ಎತ್ತಲು ಹೋದರೆ ಮುಗ್ಗರಿಸುತ್ತದೆ. ಎಣ್ಣೆ, ಪಂಪು, ವಾಲ್ವು ಎಲ್ಲ ಸರಿಯಾಗಿಯೇ ಇದ್ದರೂ ಈಗ ಅದು ಎತ್ತುವುದು ಗೊಬ್ಬರದ ಬುಟ್ಟಿಯನ್ನು. ಹಾದಿಯಲ್ಲಿ ಅದು ಎದುರಾದರೆ ಒರೆಸಲು ಸೆರಗು ಹಿಡಿದು, ಮತ್ತೆ ಬಿಟ್ಟುಬಿಡುತ್ತೇನೆ. ಬಣ್ಣ ಅಲ್ಲಲ್ಲಿ ಎದ್ದಿದೆ. ನಾನು ಯಾರ ಸುದ್ದಿಯನ್ನೂ ಹೇಳುವುದು ಬಿಟ್ಟಿದ್ದೇನೆ ಎಂದು ಜನ ಬೇಸರಪಟ್ಟುಕೊಳ್ಳುತ್ತಾರೆ.

ಒಂದು ಮಾತು ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಮೊನ್ನೆ ಮಧ್ಯಾಹ್ನ ಇವರು ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. ಅದು ನನ್ನದೆಂದು ನಿಮಗೆ ಗೊತ್ತಿತ್ತೇ ಎಂದೆ. ಗೊತ್ತಿತ್ತು ಎಂದರು. ತಾವು ಕೊಟ್ಟದ್ದು ತಮಗೆ ನೆನಪಿರುತ್ತದಂತೆ, ತಿರುಗಿ ಬಂದಿದ್ದರೆ ತಿಳಿಯುತ್ತಿತ್ತಂತೆ. ಹಾಗಿದ್ದರೆ ಊರೆಲ್ಲ ಉಗುಳುತ್ತಿದ್ದರೂ ನಿಮ್ಮದೇ ಎಂಬಂತೆ ಮೂರು ಸಲ ಯಾಕೆ ಕೊಟ್ಟಿರಿ, ನನ್ನ ಹೆಸರು ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದೆ. ಅವರು ತಟ್ಟೆಯನ್ನು ನೋಡಿದರು. ಆ ತಟ್ಟೆ ಈ ವರ್ಷ ರುದ್ರವ್ವನದು. ಅವರು ಕೂತ ಮಣೆ ಗಿರಣಿಯವರದು. ನಾನು ಉಟ್ಟ ಸೀರೆ ಯಾರ ಕೈಯಿಂದ ಬಂದದ್ದೆಂದು ನನಗೇ ನೆನಪಿರಲಿಲ್ಲ.

"ನಿನ್ನ ಹೆಸರಿಲೆ ಒಂದಾದ್ರೂ ಇರ್ಲಿ ಅನಿಸಿತ್ತು," ಎಂದು ಹೇಳಿ ಮಜ್ಜಿಗೆ ಕೇಳಿದರು.